ಕಪಾಟಿನ ಕೀಲಿ ಯಾರ್ಯಾರ ಹತ್ತಿರ

ಕಂಪ್ಯೂಟರ್ ವಿಭಾಗಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರೇ, ಮೊದಲ ದಿನ ನಿಮಗೆ ಯಾರೂ ಹೇಳದ ಮಾತೊಂದನ್ನು ಹೇಳಿಬಿಡುತ್ತೇನೆ. ಕೋಡ್ ಬರೆಯುವುದು ಈ ಕೆಲಸದ ಸುಲಭದ ಭಾಗ. ಬರೆದ ಕೋಡನ್ನು ಯಾರು ಮುಟ್ಟಬಹುದು, ಯಾರು ಮುಟ್ಟಬಾರದು ಎಂದು ತೀರ್ಮಾನಿಸುವುದು ಕಷ್ಟದ ಭಾಗ. ಅದನ್ನು ದೊಡ್ಡವರ ಮುಖಕ್ಕೆ ಹೇಳುವುದು ಇನ್ನೂ ಕಷ್ಟ. ಬೈಲಹೊಂಗಲದ ಒಂದು ಒಕ್ಕೂಟದಲ್ಲಿ ನಾನು ನೌಕರಿಯ ಅರ್ಧ ಆಯುಷ್ಯ ಇದನ್ನೇ ಮಾಡಿ, ಬೈಸಿಕೊಂಡು, ಹೋದ ವರ್ಷ ನಿವೃತ್ತಳಾದೆ. ಬೀಳ್ಕೊಡುವಾಗ ಶಾಲು ಹೊದಿಸಿ, ನಾನು ಬಹಳ ಶಾಂತ ಸ್ವಭಾವದವಳೆಂದು ಭಾಷಣ ಮಾಡಿದರು. ಸಭೆಯಲ್ಲಿ ಹಲವರು ಕೆಮ್ಮಿದರು.

ಬಡ್ತಿಗಳ ಬಗ್ಗೆ ಬರೆಯುವುದಿಲ್ಲ. ಸವದತ್ತಿಯಿಂದ ಟೈಪಿಸ್ಟ್ ಆಗಿ ಬಂದೆ, ಸಿಸ್ಟಮ್ ಅಡ್ಮಿನ್ ಆಗಿ ಹೊರಗೆ ಹೋದೆ, ನಡುವೆ ಆದದ್ದೆಲ್ಲ ಕುರ್ಚಿಯ ಬದಲಾವಣೆ. ಬರೆಯಬೇಕಾದದ್ದು ಗೌತಮಿ ಎಂಬ ಹುಡುಗಿಯ ನೌಕರಿ, ಅವಳು ಮಾಡದ ತಪ್ಪಿಗೆ, ಕೂದಲೆಳೆಯಲ್ಲಿ ನಿಂತದ್ದರ ಬಗ್ಗೆ. ಆದರೆ ಅದಕ್ಕೆ ಮೊದಲು ನಮ್ಮ ಕಚೇರಿಯ ಹುಚ್ಚು ನಿಮಗೆ ಗೊತ್ತಾಗಬೇಕು.

ಒಕ್ಕೂಟದ ಹೆಸರು ಬೇಡ. ಕಾಲುವೆಯ ನೀರು ಬಳಸುವ ರೈತರ ಸಂಘಗಳೆಲ್ಲ ಕೂಡಿ ಮಾಡಿಕೊಂಡದ್ದು. ಯಾವ ಹಳ್ಳಿಯ ಯಾವ ಹೊಲಕ್ಕೆ ಯಾವಾಗ ನೀರು ಎಂದು ಪಾಳಿ ಹಾಕುವುದು ಅದರ ಕೆಲಸ. ಹಿಂದೆ ಪಾಳಿಯನ್ನು ಕರಿಹಲಗೆಯ ಮೇಲೆ ಬರೆಯುತ್ತಿದ್ದರು. ಬರೆದವನು ಬೆನ್ನು ತಿರುಗಿಸಿದ ಕೂಡಲೇ ಯಾರೋ ಉಗುಳು ಹಚ್ಚಿ ಅಳಿಸಿ ತನ್ನ ಹೆಸರು ಬರೆದುಕೊಳ್ಳುತ್ತಿದ್ದ. ಆಮೇಲೆ ಬಡಿಗೇರ ಸರ್ ಬಂದು ಎಲ್ಲವನ್ನೂ ಪ್ರೋಗ್ರಾಮಿಗೆ ಹಾಕಿದರು. ಪ್ರೋಗ್ರಾಂ ಲೆಕ್ಕ ಮಾಡಿ ರೈತರ ಮೊಬೈಲಿಗೆ ಸಂದೇಶ ಕಳಿಸುತ್ತದೆ, ಅದರಂತೆ ನೀರಗಂಟಿ ತೂಬು ಎತ್ತುತ್ತಾನೆ. ಅದರ ಜೀವಾಳವಾದ ನಿಯಮ ಒಂದೇ: ಪಾಳಿ ಕಾಲುವೆಯ ತುದಿಯ ಹಳ್ಳಿಯಿಂದ ಶುರುವಾಗಬೇಕು. ಮೇಲಿನವರು ಮೊದಲು ಹಾಯಿಸಿಕೊಂಡರೆ ತುದಿಯವರಿಗೆ ಕೆಸರೂ ಸಿಗುವುದಿಲ್ಲ.

ಬಡಿಗೇರ ಸರ್ ಕಿತ್ತೂರಿನವರು. ಅಪ್ಪ ಊರಿಗೆಲ್ಲ ಬಾಗಿಲು, ಚೌಕಟ್ಟು ಮಾಡಿಕೊಟ್ಟವರು, ಮಗ ಎಂಜಿನಿಯರ್ ಆದರು. ಬೈಯುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ, ಕಲಿಸುವುದರಲ್ಲಿಯೂ ಕಂಡಿಲ್ಲ. ಟೈಪು ಕುಟ್ಟುತ್ತಿದ್ದ ನನ್ನನ್ನು ಎಬ್ಬಿಸಿ ಕಂಪ್ಯೂಟರಿನ ಮುಂದೆ ಕೂರಿಸಿ, "ಬೆರಳು ಓಡ್ತಾವ ನಿಂವು. ಇನ್ನ ತಲಿ ಓಡಸು" ಎಂದವರು ಅವರೇ. ಆಗ ಇಡೀ ಪ್ರೋಗ್ರಾಂ ಇದ್ದದ್ದು ಒಂದು ಪೆನ್ ಡ್ರೈವಿನಲ್ಲಿ. ಆ ಪೆನ್ ಡ್ರೈವ್ ಇದ್ದದ್ದು ಸರ್ ಅವರ ಉಡದಾರದಲ್ಲಿ. ಏನಾದರೂ ತಿದ್ದಬೇಕೆಂದರೆ ಅವರು ಆ ಕಡೆ ತಿರುಗಿ ಅಂಗಿ ಎತ್ತಿ ಅದನ್ನು ಬಿಚ್ಚಿ ಕೊಡುವವರೆಗೆ ನಾವೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಡುಕುತ್ತ ನಿಲ್ಲುತ್ತಿದ್ದೆವು. ಅವರ ಅನುಮತಿ ಇಲ್ಲದೆ ಒಂದು ಅಕ್ಷರ ಕದಲುತ್ತಿರಲಿಲ್ಲ.

ಸರ್ ನಿವೃತ್ತರಾಗುವ ಹೊತ್ತಿಗೆ ಕೋಡನ್ನು ಇಂಟರ್ನೆಟ್ಟಿನಲ್ಲಿ ಒಂದು ರೆಪಾಸಿಟರಿಗೆ ಸೇರಿಸಿದೆವು. ಅದನ್ನು ನಾವು ಕಪಾಟು ಎಂದೇ ಕರೆಯುತ್ತಿದ್ದೆವು. ಕೋಡಿನ ಹಳೆಯ ಪ್ರತಿ, ಹೊಸ ಪ್ರತಿ, ಯಾರು ಯಾವಾಗ ಏನು ತಿದ್ದಿದರು ಎಲ್ಲ ಅದರಲ್ಲಿ ಇರುತ್ತದೆ. ಅದರ ಕೀಲಿ ಮೂರು ಬಗೆ. ಓದುವ ಹಕ್ಕಿನವರು ನೋಡಬಹುದು, ಮುಟ್ಟುವಂತಿಲ್ಲ. ಬರೆಯುವ ಹಕ್ಕಿನವರು ತಿದ್ದಬಹುದು. ಮಾಲೀಕರ ಹಕ್ಕು ಇದ್ದವರು ತಿದ್ದಬಹುದು, ಇತರರಿಗೆ ಹಕ್ಕು ಕೊಡಬಹುದು, ಕಿತ್ತುಕೊಳ್ಳಬಹುದು, ತಲೆ ಕೆಟ್ಟರೆ ಕಪಾಟನ್ನೇ ಅಳಿಸಿಹಾಕಬಹುದು. ಪುಸ್ತಕದ ಪ್ರಕಾರ ಈ ಕೊನೆಯ ಹಕ್ಕು ಒಬ್ಬಿಬ್ಬರಿಗೆ ಇರಬೇಕು. ಪುಸ್ತಕ ಬರೆದವರು ನಮ್ಮ ಕಡೆಯ ಮದುವೆಗೆ ಬಂದವರಲ್ಲ.

ಅಧ್ಯಕ್ಷ ಬಸನಗೌಡರು ಒಂದು ದಿನ ನನ್ನನ್ನು ಕರೆಸಿದರು.

"ಹೊಸಾ ಕಪಾಟು ಬಂದೈತಂತ. ನನಗ ಯಾವ ಕೀಲಿ ಕೊಟ್ಟೀ?"

"ಓದೂದು ಕೊಟ್ಟೇನ್ರಿ."

"ನಿನಗ?"

"ಮಾಲಕ್ರದು ಐತ್ರಿ."

"ಅಂದ್ರ ಇಲ್ಲಿ ಅಧ್ಯಕ್ಷ ನಾನೋ, ನೀನೋ?"

"ಗೌಡ್ರ, ನಿಮಗ ಕೋಡು ಬರಂಗಿಲ್ಲಲ್ರಿ. ಇಟಗೊಂಡ ಏನ ಮಾಡ್ತೀರಿ?"

"ನನಗ ಕುಂಟಿ ಹೊಡ್ಯಾಕೂ ಬರಂಗಿಲ್ಲ. ಹೊಲಾ ನಂದ ಐತಿಲ್ಲೋ?"

ಗೌಡರಿಗೆ ಮಾಲೀಕರ ಹಕ್ಕು ಕೊಟ್ಟೆ. ಅವರಿಗೆ ಕೊಟ್ಟ ಸುದ್ದಿ ಉಪಾಧ್ಯಕ್ಷರಿಗೆ ಹೋಯಿತು. ಅವರಿಗೂ ಕೊಟ್ಟೆ. ಆಮೇಲೆ ನಿರ್ದೇಶಕರು, ಮಾಜಿ ಅಧ್ಯಕ್ಷರು, ಆ ಮಾಜಿಯನ್ನು ಸೋಲಿಸಿದವರು. ವೀಳ್ಯ ಮೊದಲು ಯಾರಿಗೆ ಕೊಡಬೇಕು ಎಂಬ ಜಗಳದಲ್ಲಿ ಬೀಗರು ಊಟ ಬಿಟ್ಟು ಎದ್ದುಹೋದ ಸೀಮೆ ನಮ್ಮದು. ಅಂಥಲ್ಲಿ ಒಬ್ಬರಿಗೆ ಮಾಲೀಕರ ಹಕ್ಕು, ಇನ್ನೊಬ್ಬರಿಗೆ ಬರೀ ಓದುವ ಹಕ್ಕು ಎಂದರೆ ಯಾರು ಕೇಳುತ್ತಾರೆ? ಚುನಾವಣೆಯಾದಂತೆಲ್ಲ ಹೊಸಬರು ಸೇರುತ್ತಿದ್ದರು. ಹಳಬರನ್ನು ತೆಗೆಯುವಂತಿರಲಿಲ್ಲ. ಒಮ್ಮೆ ಕೊಟ್ಟ ಮಾನ ತಿರುಗಿ ಕೇಳುವುದು ಸಂಪ್ರದಾಯವಲ್ಲ.

ಯಾರ ಹತ್ತಿರ ಯಾವ ಕೀಲಿ ಇದೆಯೆಂದು ನನಗೇ ಮರೆಯತೊಡಗಿದಾಗ ಒಂದು ಸಣ್ಣ ಸಾಧನ ಬರೆದೆ. ಅದಕ್ಕೆ 'ಯಾರ್ಯಾರು' ಎಂದು ಹೆಸರಿಟ್ಟೆ. ಆ ಪದವನ್ನು ಟೈಪ್ ಮಾಡಿದರೆ ಸಾಕು, ಅದು ಕಪಾಟನ್ನು ಕೇಳಿಕೊಂಡು ಬಂದು, ಒಬ್ಬೊಬ್ಬರ ಹೆಸರು, ಮುಂದೆ ಅವರ ಹಕ್ಕು, ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ತೋರಿಸುತ್ತದೆ. ಬಹಳ ಹೆಮ್ಮೆಯಿಂದ ಅದನ್ನು ಮುದ್ರಿಸಿ ಆಡಳಿತ ಮಂಡಳಿಯ ಸಭೆಗೆ ಒಯ್ದೆ. ಎಷ್ಟೊಂದು ಮಾಲೀಕರಿದ್ದಾರೆ ನೋಡಿ ಅವರಿಗೆ ಗಾಬರಿಯಾಗಲಿ ಎಂಬುದು ನನ್ನ ಉದ್ದೇಶ.

ಗಾಬರಿಯೇನೋ ಆಯಿತು, ಆದರೆ ಬೇರೆ ಕಾರಣಕ್ಕೆ. ಸವದತ್ತಿಯ ವೀರಭದ್ರಪ್ಪನವರು ಆಗ ಉಪಾಧ್ಯಕ್ಷರು. ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಎದ್ದು ನಿಂತರು.

"ಇದರಾಗ ನನ್ನ ಹೆಸರ ಇಲ್ಲ. ನಾ ಸತ್ತೇನೇನು?"

ನೋಡಿದರೆ ನಿಜವಾಗಿಯೂ ಇರಲಿಲ್ಲ. ಆಗಿದ್ದೇನೆಂದರೆ, ಇಂಥ ಕಪಾಟುಗಳು ಕೇಳಿದ್ದನ್ನೆಲ್ಲ ಒಂದೇ ಸಲ ಕೊಡುವುದಿಲ್ಲ, ಪುಟಪುಟವಾಗಿ ಕೊಡುತ್ತವೆ. ಮುಂದಿನ ಪುಟ ಬೇಕೆಂದು ನಾವೇ ಮತ್ತೆ ಕೇಳಬೇಕು. ನಾನು ಮೊದಲ ಪುಟ ಬಂದದ್ದೇ ಖುಷಿಯಾಗಿ ಕೈ ತೊಳೆದುಕೊಂಡಿದ್ದೆ. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ವೀರಭದ್ರಪ್ಪನವರ ಜಾಗ ಬಾಲದಲ್ಲಿ. ಈ ತಾಂತ್ರಿಕ ವಿಷಯವನ್ನು ಅವರಿಗೆ ವಿವರಿಸಿದೆ. "ಅಂದ್ರ ನಾವು ಎರಡನೇ ಪಂಕ್ತಿಯವರು" ಎಂದು ಅವರು ಅರ್ಥ ಮಾಡಿಕೊಂಡರು. ಇಂಥ ಸಾಧನ ಬರೆಯುವವರು ಇದೊಂದು ಮಾತು ನೆನಪಿಡಿ: ಪಟ್ಟಿ ನಿಮಗೆ ಅನುಕೂಲವಾದಷ್ಟು ಚಿಕ್ಕದಾಗಿ ಬಂದರೆ ಅದು ಅರ್ಧ ಪಟ್ಟಿ.

ಅದನ್ನು ಸರಿಪಡಿಸಿದೆ. ಇನ್ನೊಂದು ಹುಳುಕು ಉಳಿದಿತ್ತು. ನೇರವಾಗಿ ಹಕ್ಕು ಪಡೆದವರನ್ನು ಮಾತ್ರ ನನ್ನ ಸಾಧನ ತೋರಿಸುತ್ತಿತ್ತು. ಬಳಗ ಕಟ್ಟಿಕೊಂಡು ಒಳಗೆ ಬಂದವರನ್ನು ತೋರಿಸುತ್ತಿರಲಿಲ್ಲ. 'ಮಂಡಳಿ' ಎಂಬ ಗುಂಪಿಗೆ ಮಾಲೀಕರ ಹಕ್ಕು ಕೊಟ್ಟರೆ ಆ ಗುಂಪಿನಲ್ಲಿ ಇದ್ದವರೆಲ್ಲ ಮಾಲೀಕರೇ. ಗುಂಪುಗಳನ್ನೂ ಬಿಡಿಸಿ ನೋಡುವಂತೆ ಬರೆದ ದಿನ, ಮುರಗೋಡ ಕಡೆಯ ಒಬ್ಬ ನಿರ್ದೇಶಕರ ಹೆಸರು ಬಂತು. ಅವರು ತೀರಿಕೊಂಡು ಬಹಳ ದಿನವಾಗಿತ್ತು. ನಾನೇ ಅವರ ಮಣ್ಣಿಗೆ ಹೋಗಿಬಂದಿದ್ದೆ. ಆದರೆ ಅವರ ಕೀಲಿ ಮೊನ್ನೆ ಮೊನ್ನೆಯೂ ಬಳಕೆಯಾಗಿತ್ತು. ವಿಚಾರಿಸಿದರೆ ಅವರ ಅಳಿಯ ಸಿಕ್ಕಿದ. ತಮ್ಮೂರಿನ ಪಾಳಿ ಯಾವಾಗ ಬರುತ್ತದೆಂದು ಎಲ್ಲರಿಗಿಂತ ಮೊದಲು ನೋಡಿಕೊಳ್ಳಲು ಒಳಗೆ ಹೋಗುತ್ತಿದ್ದ.

"ನಾ ಎಲ್ಲಿ ಒಳಗ ಹೋಗೇನ್ರಿ ಅಕ್ಕಾರ? ಮಾವಾರ ಹೆಸರು ಹೋಗೇತಿ. ಅದನ್ನ ತಗದೀರಿ ಅಂದ್ರ ಹ್ವಾದವರಿಗೆ ಅವಮಾನ ಮಾಡಿದಂಗ."

ಅಳಿಯ ಅಲ್ಲ, ಮಗಳ ಗಂಡ ಎಂದರಂತೆ. ಸತ್ತವರ ಹೆಸರು ತೆಗೆಯಲೂ ಮಂಡಳಿ ಒಪ್ಪಲಿಲ್ಲ. ವರ್ಷ ತುಂಬಲಿ ಎಂದರು, ತುಂಬಿದ ಮೇಲೆ ಯಾಕೆ ಈಗ ಎಂದರು. ಪ್ರತಿ ಸಭೆಗೂ ಪಟ್ಟಿ ಒಯ್ಯುತ್ತಿದ್ದೆ. ಚಹಾ ಬಂದಾಗ ಅದರ ಮೇಲೆ ಗ್ಲಾಸು ಇಡುತ್ತಿದ್ದರು. ಕೋಡ್ ಗೊತ್ತಿಲ್ಲದವರ ಕೈಯಲ್ಲಿ ಕೀಲಿ ಇದ್ದರೂ ದೊಡ್ಡ ಅಪಾಯವಿಲ್ಲ ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅಪಾಯ ಇದ್ದದ್ದು ಕೋಡ್ ಗೊತ್ತಿದ್ದ ಒಬ್ಬ ಮಾಜಿಯ ಕೈಯಲ್ಲಿ. ಬಡಿಗೇರ ಸರ್ ನಿವೃತ್ತರಾಗಿ ಕಿತ್ತೂರಿಗೆ ಹೋಗಿದ್ದರೂ ಮಾಲೀಕರಾಗಿಯೇ ಇದ್ದರು. ದಿನಾ ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ ಕೋಡ್ ತೆರೆದು ಅಲ್ಲೊಂದು ಇಲ್ಲೊಂದು ಸಾಲು ತಿದ್ದುತ್ತಿದ್ದರು. ಅವರ ಹಕ್ಕು ತೆಗೆಯೋಣ ಎಂದು ಒಮ್ಮೆ ಬಾಯಿಬಿಟ್ಟೆ. ಗೌಡರು ನಾನು ತಾಯಿಯನ್ನು ಮನೆಯಿಂದ ಹೊರಗೆ ಹಾಕಿದೆನೇನೋ ಎಂಬಂತೆ ನೋಡಿದರು.

"ಬಡಿಗೇರ ಸರದು ತಗೀತೀ? ನಿನಗ ಅನ್ನಾ ಹಾಕಿದವ್ರದು? ಕೈಯರ ಹ್ಯಾಂಗ ಬರತೈತಿ ನಿನಗ?"

ನನಗೂ ಕೈ ಬರಲಿಲ್ಲ.

ಗೌತಮಿ ನಮ್ಮಲ್ಲಿಗೆ ಬಂದದ್ದು ಬಡಿಗೇರ ಸರ್ ಮಾತಿನ ಮೇಲೆಯೇ. ಅವಳದು ಕಟಕೋಳ. ಅಪ್ಪ ಗೋಡೆ ಕಟ್ಟುವ ಗವಂಡಿ ಕೆಲಸದವರು. ರಾಮದುರ್ಗದಲ್ಲಿ ಡಿಪ್ಲೊಮಾ ಓದುವಾಗ ಸರ್ ಅಲ್ಲಿ ಪಾಠ ಹೇಳಲು ಹೋಗಿ ಅವಳನ್ನು ಕಂಡು, ನೇರ ಮನೆಗೇ ಹೋಗಿ ಅವಳ ಅಪ್ಪನ ಜೊತೆ ಮಾತನಾಡಿ, "ಈ ಹುಡುಗಿನ್ನ ನನಗ ಕೊಡ್ರಿ, ಒಕ್ಕೂಟಕ್ಕ ಒಯ್ತೇನಿ" ಎಂದಿದ್ದರು. ಅವಳ ಮನೆಗೆ ನಾನೂ ಹೋಗಿದ್ದೇನೆ. ಬುದ್ಧ ಮತ್ತು ಬಾಬಾಸಾಹೇಬರ ಪಟಗಳ ಪಕ್ಕದಲ್ಲಿ ಅವಳ ಸರ್ಟಿಫಿಕೇಟಿಗೂ ಚೌಕಟ್ಟು ಹಾಕಿಸಿದ್ದಾರೆ. ಮೇಲುಜಾತಿಯವರು ಯಾರಾದರೂ ಬಂದು ನೀರು ಎತ್ತಿಹಾಕುವವರೆಗೆ ಖಾಲಿ ಕೊಡ ಹಿಡಿದು ಬಾವಿಯಿಂದ ದೂರ ನಿಲ್ಲುತ್ತಿದ್ದೆವೆಂದು ಅವಳ ಅಜ್ಜಿ ನನಗೆ ಹೇಳಿದ್ದಳು. ಈಗ ಆ ಅಜ್ಜಿಯ ಮೊಮ್ಮಗಳು ಗೌಡರ ಹೊಲಕ್ಕೆ ನೀರು ಯಾವಾಗ ಎಂದು ಸಂದೇಶ ಕಳಿಸುತ್ತಿದ್ದಳು. ಕೆಲವರಿಗೆ ಅದು ಅರಗಿರಲಿಲ್ಲ. ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೆ.

ಕೆಲಸ ಮಾತ್ರ ಅಚ್ಚುಕಟ್ಟು. ನಾನು ಒಂದು ಸಲ ನೋಡಿ ಬಿಡುವುದನ್ನು ಅವಳು ಪರೀಕ್ಷೆ ಬರೆದು ನೋಡುತ್ತಿದ್ದಳು. ಹೊಸ ಪದ್ಧತಿಯನ್ನು ತಂದವಳೂ ಅವಳೇ. ಯಾರೇ ತಿದ್ದಲಿ, ನೇರವಾಗಿ ಕಪಾಟಿಗೆ ಹಾಕಬಾರದು, ತಿದ್ದುಪಡಿಯನ್ನು ಮನವಿಯಾಗಿ ಕಳಿಸಬೇಕು, ಇನ್ನೊಬ್ಬರು ಓದಿ ಒಪ್ಪಬೇಕು ಅಥವಾ ತಿರಸ್ಕರಿಸಬೇಕು. ನಾನು, ಅವಳು ಇದನ್ನು ಪಾಲಿಸುತ್ತಿದ್ದೆವು. ಮಾಲೀಕರಿಗೆ ಅದರ ಅಗತ್ಯ ಬೀಳುವುದಿಲ್ಲ. ನಮ್ಮಲ್ಲಿ ಎಲ್ಲರೂ ಮಾಲೀಕರು.

ಆ ಬೇಸಿಗೆಯಲ್ಲಿ ಸರ್ ಹೊಸ ಲ್ಯಾಪ್‌ಟಾಪ್ ಕೊಂಡರು. ಅದನ್ನು ಸಜ್ಜು ಮಾಡಿಕೊಡಲು ಗೌತಮಿ ಕಿತ್ತೂರಿಗೆ ಹೋದಳು. ತಿದ್ದುಪಡಿ ಬರೆದವರ ಹೆಸರು ಏನು ಎಂದು ಯಂತ್ರ ಮೊದಲಿಗೆ ಕೇಳುತ್ತದೆ. ಹಿರಿಯರ ಹೆಸರನ್ನು ಬರಿದೇ ಟೈಪ್ ಮಾಡಲು ಇವಳಿಗೆ ಕೈ ಬರಲಿಲ್ಲ. ಬರೀ 'ಸರ್' ಎಂದು ಹಾಕಿದರೆ ಯಾವ ಸರ್ ಎಂದು ತಿಳಿಯುವುದಿಲ್ಲ. ಸರ್ ಒಳಗೆ ಊಟಕ್ಕೆ ಕೂತಿದ್ದರು, ಕೇಳುವಂತಿಲ್ಲ. ಸದ್ಯಕ್ಕೆ ಇರಲಿ ಎಂದು ತನ್ನ ಹೆಸರನ್ನೇ ಹಾಕಿ, ಆಮೇಲೆ ಬದಲಿಸಲು ಮರೆತು ಬಂದಳು. ಅವತ್ತಿನಿಂದ ಸರ್ ತಮ್ಮ ಕೀಲಿಯಿಂದ ಕಪಾಟು ತೆರೆದು ಏನೇ ತಿದ್ದಿದರೂ ಅದರ ಮೇಲೆ ಗೌತಮಿ ಎಂದೇ ಬರುತ್ತಿತ್ತು. ಬುತ್ತಿಯ ಡಬ್ಬಿಯ ಮೇಲೆ ಒಬ್ಬರ ಹೆಸರು, ತಂದವರು ಇನ್ನೊಬ್ಬರು. ಹೆಸರು ಬೇರೆ, ಹಕ್ಕು ಬೇರೆ. ಈ ವೃತ್ತಿಯಲ್ಲಿ ಇದನ್ನು ಅರ್ಥ ಮಾಡಿಕೊಳ್ಳದೆ ಯಾರ ಮೇಲೂ ಬೆರಳು ತೋರಿಸಬೇಡಿ.

ಒಂದು ಬೆಳಿಗ್ಗೆ ಕಾಲುವೆಯ ತುದಿಯ ಸುರೇಬಾನ ಕಡೆಯ ರೈತರೊಬ್ಬರು ರಾಮದುರ್ಗಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ನಮ್ಮ ಕಚೇರಿಗೆ ಬಂದರು. ಚೀಲದಿಂದ ಒಣಗಿ ಮುದುಡಿದ ಗೋವಿನಜೋಳದ ದಂಟು ತೆಗೆದು ನನ್ನ ಕೀಬೋರ್ಡಿನ ಮೇಲೆ ಇಟ್ಟರು.

"ಮ್ಯಾಲಿನ ಊರಾಗ ಎರಡ ಸಲ ನೀರ ಹಾಯಿಸ್ಯಾರ. ನಮಗೊಂದ ಮೆಸೇಜ್ ಸುದ್ದಾ ಇಲ್ಲ. ನಿಮ್ಮ ಮಷಿನ್ ನಮ್ಮೂರ ಮರ್ತೈತೇನ್ರಿ ಬಾಯಾರ?"

ಗೌತಮಿ ಕೂಡಲೇ ಕೋಡ್ ತೆರೆದಳು. ಬೇಸಿಗೆಯಲ್ಲಿ ತುದಿಯಿಂದ ಪಾಳಿ ಶುರುವಾಗಬೇಕೆನ್ನುವ ಸಾಲು ಇರಲಿಲ್ಲ. ಯಾರೋ ತೆಗೆದಿದ್ದರು. ತೆಗೆದವರ ಜಾಗದಲ್ಲಿ ಅವಳದೇ ಹೆಸರಿತ್ತು. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಕಪಾಟು ತೆರೆದ ಕೀಲಿ ಮಾತ್ರ ಅವಳದಲ್ಲ, ಕಿತ್ತೂರಿನದು. ಯಾರ ಕೆಲಸ ಎಂದು ಇಬ್ಬರಿಗೂ ಗೊತ್ತಾಯಿತು. ಅವಳು ಸಾಲನ್ನು ಮತ್ತೆ ಸೇರಿಸಿ ತುದಿಯ ಹಳ್ಳಿಗಳಿಗೆಲ್ಲ ಸಂದೇಶ ಹೋಗುವಂತೆ ಮಾಡಿದಳು. ನೀರು ಹೋಯಿತು. ಒಂದಷ್ಟು ಹೊಲ ಉಳಿದವು, ಒಂದಷ್ಟು ಉಳಿಯಲಿಲ್ಲ.

ಮಂಡಳಿ ಸೇರಿತು, ಗೌತಮಿಯನ್ನೂ ಕರೆಸಿದರು. ವ್ಯವಸ್ಥಾಪಕರು ಆ ತಿದ್ದುಪಡಿಯನ್ನು ಮುದ್ರಿಸಿ ತಂದು ಹೆಸರಿಗೆ ಕೆಂಪು ಗೆರೆ ಎಳೆದಿದ್ದರು. ವೀರಭದ್ರಪ್ಪನವರು ಗಂಟಲು ಸರಿಮಾಡಿಕೊಂಡರು.

"ನೀರಿನ ಪಾಳಿ ಎಂಥವರ ಕೈಯಾಗ ಕೊಡಬೇಕು ಅನ್ನೂದು ಮೊದಲ ವಿಚಾರ ಮಾಡಬೇಕಿತ್ತು."

ಅವರು 'ಎಂಥವರ' ಎಂದದ್ದು ಏನೆಂದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು. ನಾನು ಎದ್ದು ನಿಂತು, ಯಾರ್ಯಾರು ಸಾಧನವನ್ನು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆಯೇ ಓಡಿಸಿ ತೋರಿಸಿದೆ.

"ನೋಡ್ರಿ, ಆ ಸಾಲು ತಗ್ಯಾಕ ಯಾರ್ಯಾರಿಗೆ ಹಕ್ಕೈತಿ. ಗೌಡ್ರ, ನಿಮಗೂ ಐತಿ. ವೀರಭದ್ರಪ್ಪನವ್ರ, ನಿಮಗೂ ಐತಿ. ಮಣ್ಣಾಗ ಮಲಗಿದವರಿಗೂ ಐತಿ. ಎಲ್ಲಾರ್ನೂ ಕೆಲಸದಿಂದ ತಗೀತೀರೇನು?"

"ಹೆಸರ ಆಕಿದ ಐತಲ್ಲ" ಎಂದರು ಗೌಡರು. "ಸೋಮವಾರ ಮತ್ತ ಕೂಡೂಣು. ಆಕಿ ಏನರ ಹೇಳೂದಿದ್ರ ಹೇಳ್ಲಿ. ಇಲ್ಲಂದ್ರ ಮನಿಗೆ."

ಯಾರ ಕೀಲಿಯಿಂದ ಕಪಾಟು ತೆರೆಯಿತು ಎಂಬುದು ನನಗೆ ಗೊತ್ತಿತ್ತು, ಅಲ್ಲೇ ಹೇಳಬಹುದಿತ್ತು. ಹೇಳಿದ್ದರೆ ಗೌತಮಿಯ ನೌಕರಿ ಉಳಿಯುತ್ತಿತ್ತೋ ಏನೋ, ಆದರೆ ಮುದುಕನ ಮೇಲೆ ಹಾಕಿ ಪಾರಾದಳು ಎಂದು ಇಡೀ ತಾಲೂಕು ಆಡಿಕೊಳ್ಳುತ್ತಿತ್ತು. ಅದನ್ನು ಹೇಳಬೇಕಾದವರು ಒಬ್ಬರೇ. ಹೊರಗೆ ಬಂದು ಗೌತಮಿಯನ್ನು ಕೇಳಿದೆ.

"ಯಾಕ ಬಾಯಿ ಮುಚ್ಚಿದಿ?"

"ಏನಂತ ಹೇಳ್ಲಿ ಅಕ್ಕಾರ? ಸರ್ ನಮ್ಮ ಮನಿಗೆ ಬಂದು ನಮ್ಮ ಅವ್ವ ಕೊಟ್ಟ ನೀರ ಕುಡದು, ನಮ್ಮ ಅಪ್ಪಗ ಮಾತ ಕೊಟ್ಟು ನನ್ನ ಕರಕೊಂಡ ಬಂದಾರ. ಅವರ ಮ್ಯಾಲೆ ನಾ ಹ್ಯಾಂಗ ಹೇಳ್ಲಿ? ನೌಕರಿ ಬ್ಯಾರೆ ಕಡೆ ಸಿಗತೈತಿ ಬಿಡ್ರಿ."

ಸಿಗುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ನೀರಿನ ಪಾಳಿ ಕೆಡಿಸಿದವಳು ಎಂಬ ಹೆಸರು ಹೊತ್ತು ಈ ಸೀಮೆಯಲ್ಲಿ ಯಾರ ಬಾಗಿಲಿಗೂ ಹೋಗುವಂತಿಲ್ಲ. ನಾನು ಮರುದಿನವೇ ಕಿತ್ತೂರಿನ ಬಸ್ಸು ಹತ್ತಿದೆ.

ಸರ್ ಕಟ್ಟೆಯ ಮೇಲೆ, ತಾವೇ ಮಾಡಿಕೊಂಡ ಸಾಗವಾನಿ ಮಣೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದರು.

"ಬಾ ಸರೋಜಾ. ನೋಡು, ನಿಮ್ಮ ಮಂದಿ ಕೋಡಿನ್ಯಾಗ ಎಷ್ಟ ಕಸಾ ಹಾಕ್ಯಾರ. ದಿನಾ ತಗದ ತಗದ ಸಾಕಾಗೇತಿ."

"ಅಂಗಳದ ಕಸಾ ಒಂದಿನಾ ಹೊಡದಾವ್ರಲ್ಲ. ಇದೊಂದ ಹೊಡೀತಾರ" ಎಂದು ಅವರ ಹೆಂಡತಿ ಒಳಗಿನಿಂದಲೇ ಹೇಳಿದರು.

"ಸರ, ಹ್ವಾದ ತಿಂಗಳ ತುದಿ ಪಾಳಿ ಸಾಲು ತಗದೀರಿ."

"ಹೂಂ. ಎರಡ ಕಡೆ ಇತ್ತು. ಒಂದ ತಗದೇನಿ."

"ಎರಡೂ ಒಂದಲ್ರಿ. ಒಂದ ಮಳಿಗಾಲದ್ದು, ಒಂದ ಬ್ಯಾಸಗಿದು. ನೀವ ಬರದದ್ದು, ನೀವ ನನಗ ಕಲಿಸಿದ್ದು. ಸುರೇಬಾನ ಕಡೆ ನೀರ ಹೋಗಲಿಲ್ರಿ. ಪೀಕ ಒಣಗ್ಯಾವ."

ಸರ್ ಲ್ಯಾಪ್‌ಟಾಪಿಗೆ ಮುಖ ತಂದು ಬಹಳ ಹೊತ್ತು ನೋಡಿದರು. ಆಮೇಲೆ ಸಿಟ್ಟಿಗೆದ್ದರು. ಸಿಟ್ಟು ಬರುವುದೆಂದು ನನಗೆ ಗೊತ್ತಿತ್ತು.

"ನಾ ಬರದ ಕೋಡು. ನಾ ಮುಟ್ಟಬಾರದೇನು?"

"ನಿಮ್ಮ ಅಪ್ಪಾರು ಊರ ತುಂಬ ಬಾಗಲಾ ಮಾಡಿ ಕೊಟ್ಟಾರ. ನಾ ಮಾಡಿದ್ದು ಅಂತ ಮುಂಜಾನೆದ್ದು ಮಂದಿ ಮನಿಗೆ ಹೋಗಿ ಬಾಗಲಾ ಬಿಚ್ಚತಿದ್ರೇನ್ರಿ?"

"ಬಾಯಿ ಬಾಳ ಆಗೇತಿ ನಿಂದು."

"ಅದನ್ನೂ ನೀವ ಕಲಿಸಿದ್ದು. ಸರ, ಅಪವಾದ ಗೌತಮಿ ಮ್ಯಾಲೆ ಬಂದೈತಿ. ನಿಮ್ಮ ಯಂತ್ರದಾಗ ಆಕಿ ಹೆಸರ ಉಳದೈತಿ. ಸೋಮವಾರ ಆಕಿನ್ನ ತಗೀತಾರ."

"ನಾ ಮಾಡೇನಂತ ಆಕಿ ಹೇಳಲಿಲ್ಲೇನು?"

"ಇಲ್ರಿ."

"ಯಾಕ?"

"ನೀವಂತ."

ಸರ್ ಲ್ಯಾಪ್‌ಟಾಪ್ ಮುಚ್ಚಿದರು. ಒಂದು ಕಾಲದಲ್ಲಿ ಇಡೀ ಪ್ರೋಗ್ರಾಂ ಅವರ ತಲೆಯಲ್ಲಿತ್ತು, ಈಗ ತಾವೇ ಬರೆದ ಎರಡು ಸಾಲುಗಳ ವ್ಯತ್ಯಾಸ ಅವರಿಗೆ ತಿಳಿದಿರಲಿಲ್ಲ. ನನಗೆ ಅವರ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ಚಹಾ ಬಂತು, ಕುಡಿದೆವು. ಸೋಮವಾರ ಏನಾಗುವುದೋ ತಿಳಿಯದೆಯೇ ತಿರುಗಿ ಬಂದೆ.

ಸೋಮವಾರ ಸಭೆ ಶುರುವಾಗಿ, ಗೌತಮಿಯನ್ನು ಬಾಗಿಲ ಹತ್ತಿರ ನಿಲ್ಲಿಸಿ ವ್ಯವಸ್ಥಾಪಕರು ಆರೋಪ ಓದುತ್ತಿದ್ದಾಗ ಬಡಿಗೇರ ಸರ್ ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದರು. ಎಲ್ಲರೂ ಎದ್ದು ನಿಂತರು. ಸರ್ ಕೂರಲಿಲ್ಲ.

"ಆ ಸಾಲು ತಗದಾಂವ ನಾನು. ಈ ಹುಡುಗಿಗೂ ಅದಕ್ಕೂ ಸಂಬಂಧಿಲ್ಲ. ನನಗ ಕಣ್ಣು, ತಲಿ ಎರಡೂ ಮೊದಲಿನಂಗ ಇಲ್ಲ. ತಿಳಕೊಂಡ ಮಾಡಿಲ್ಲ, ಆದ್ರ ಮಾಡಿದಾಂವ ನಾನ."

ಗೌಡರು ನಕ್ಕರು.

"ಅಯ್ಯ ಸರ, ಅಷ್ಟಕ್ಕ ನೀವ್ಯಾಕ ಬರಾಕ ಹೋದ್ರಿ? ಸಣ್ಣ ಮಾತು. ಆಗತಾವು. ಕುಂದರ್ರಿ. ಏ, ಸರಗ ಚಾ ತರ್ರಿ."

ತಪ್ಪು ಅದೇ, ಒಣಗಿದ ಪೀಕೂ ಅದೇ. ಮಾಡಿದವರು ಬದಲಾದ ಕೂಡಲೇ ಅದರ ತೂಕ ಇಳಿದುಹೋಗಿತ್ತು. ನಾನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಸರ್ ಹಳೆಯ ದನಿಯಲ್ಲಿ ಗುಡುಗಿದರು.

"ಆಕಿ ಮಾಡಿದ್ರ ನೌಕರಿ ಹೋಗತೈತಿ, ನಾ ಮಾಡಿದ್ರ ಚಾ ಬರತೈತಿ, ಹೌದಲ್ರಿ ಗೌಡ್ರ? ಸರೋಜಾ, ನಿನ್ನ ಯಾರ್ಯಾರು ಹಚ್ಚು. ನನ್ನ ಹೆಸರ ಎಲ್ಲೈತಿ ತೋರಸು."

ಗೋಡೆಯ ಮೇಲೆ ಪಟ್ಟಿ ಮೂಡಿತು. ಬಡಿಗೇರ, ಮಾಲೀಕರು.

"ಅದನ್ನ ತಗಿ. ಓದೂದು ಅಷ್ಟ ಇಡು."

ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ. ಸರ್ ನನ್ನನ್ನು ಸರಿಸಿ ತಾವೇ ಕೂತರು. ಕನ್ನಡಕವನ್ನು ಹಣೆಗೇರಿಸಿ, ಹುಡುಕಿ ಹುಡುಕಿ ಅಕ್ಷರ ಒತ್ತಿದರು. ಬಡಿಗೇರ, ಓದುವ ಹಕ್ಕು ಎಂದು ಬಂತು. ಎದ್ದು ಮಂಡಳಿಯ ಕಡೆ ತಿರುಗಿದರು.

"ಈ ಪ್ರೋಗ್ರಾಂ ಮಾಡಿದಾಂವ ನಾನು. ನನಗ ಈಗ ಬರೇ ಓದೂ ಹಕ್ಕು. ನನಗಿಂತ ಹೆಚ್ಚಿಂದು ಯಾರಿಗೆ ಬೇಕ್ರಿ? ಕೈ ಎತ್ತರ್ರಿ."

ಯಾರೂ ಎತ್ತಲಿಲ್ಲ. ಎತ್ತಿದರೆ ಬಡಿಗೇರ ಸರ್‌ಗಿಂತ ನಾನು ದೊಡ್ಡವನೆಂದು ಎಲ್ಲರೆದುರು ಹೇಳಿದಂತಾಗುತ್ತಿತ್ತು. ಇಷ್ಟು ವರ್ಷ ನಾನು ಸುರಕ್ಷತೆ, ನಿಯಮ, ಪುಸ್ತಕ ಎಂದು ಬಾಯಿ ಬಡಿದುಕೊಂಡರೂ ಆಗದ ಕೆಲಸ ಮಾನದ ಹೆಸರಿನಲ್ಲಿ ಒಂದು ಮಧ್ಯಾಹ್ನ ಆಯಿತು. ಮೊದಲು ಗೌಡರೇ "ನಂದೂ ಇಳಸವಾ" ಎಂದರು. ನಾನು ಒಂದೊಂದೇ ಹೆಸರು ಇಳಿಸುತ್ತ ಹೋದೆ. ವೀರಭದ್ರಪ್ಪನವರದ್ದು ಬರುವಾಗ ಅವರು ಕಿಟಕಿಯಾಚೆ ನೋಡುತ್ತಿದ್ದರು. ತೀರಿಕೊಂಡವರದ್ದೂ ತೆಗೆದೆ. ಕೊನೆಗೆ ಬರೆಯುವವರಲ್ಲಿ ಗೌತಮಿ, ಮಾಲೀಕರಲ್ಲಿ ನಾನು ಉಳಿದೆವು. ನಿವೃತ್ತಿಯ ಹೊತ್ತಿಗೆ ಅದನ್ನೂ ಅವಳಿಗೆ ಕೊಟ್ಟು ಬಂದೆ.

ಸಭೆ ಮುಗಿದರೂ ಸರ್ ಹೋಗಲಿಲ್ಲ. ಲ್ಯಾಪ್‌ಟಾಪ್ ಜೊತೆಗೆ ತಂದಿದ್ದರು. ಮೊದಲು ಅದರಲ್ಲಿದ್ದ ಗೌತಮಿಯ ಹೆಸರು ಅಳಿಸಿ ತಮ್ಮದು ಬರೆದುಕೊಂಡರು. ಆಮೇಲೆ ತುದಿಯ ಪಾಳಿಯ ಸಾಲನ್ನು ಮುಂದೆ ಯಾರೇ ತೆಗೆದರೂ ಪ್ರೋಗ್ರಾಂ ಅಲ್ಲೇ ನಿಂತು ಕೂಗಿಕೊಳ್ಳುವಂತೆ ಒಂದು ಕಾವಲು ಬರೆದರು. ಬರೆಯುವ ಹಕ್ಕಿಲ್ಲದವರು ಕಳಿಸಬೇಕಾದ ಹಾಗೆ, ಮನವಿಯಾಗಿ ಕಳಿಸಿದರು. ಅದು ಗೌತಮಿಯ ಪರದೆಗೆ ಬಂತು.

ಗೌಡರು, ನಿರ್ದೇಶಕರು ಅವಳ ಕುರ್ಚಿಯ ಹಿಂದೆ ಬಂದು ನಿಂತರು. ಅವಳು ಒಂದು ಸಲ ಓದಿದಳು. ಮತ್ತೊಂದು ಸಲ ಓದಿ ನನ್ನ ಕಡೆ ನೋಡಿದಳು. ನಾನು ಬೇಕೆಂದೇ ಚಹಾದ ಗ್ಲಾಸುಗಳನ್ನು ಎತ್ತತೊಡಗಿದೆ. ಅವಳ ಮುಂದೆ ಎರಡು ಗುಂಡಿಗಳಿದ್ದವು. ಅವಳು ಕೆಳಗೆ ಕಾರಣ ಬರೆದು ತಿರಸ್ಕರಿಸುವುದನ್ನು ಒತ್ತಿದಳು. ವೀರಭದ್ರಪ್ಪನವರು "ಅಬ್ಬಬ್ಬಾ" ಎಂದರು.

"ಸರ" ಎಂದಳು ಗೌತಮಿ. ದನಿ ಮೆಲ್ಲಗಿತ್ತು. "ಇದರಾಗ ಸುರೇಬಾನದ ತುದಿ ಅಷ್ಟ ಐತ್ರಿ. ಉಳದ ಕಾಲುವಿ ತುದಿಗೋಳು ಬಿಟ್ಟಾವ. ಪರೀಕ್ಷಾನೂ ಬರದಿಲ್ಲ. ಹಿಂಗ ತಗೊಳ್ಳಾಕ ಬರಂಗಿಲ್ರಿ."

ಸರ್ ತಮ್ಮ ಪರದೆಯ ಮೇಲೆ ಬಂದ ಅದೇ ಮಾತನ್ನು ಓದಿದರು. ಓದಿ ಮುಗಿಸಿ, ತಾವು ಕೂತಿದ್ದ ಕುರ್ಚಿಯನ್ನು ಎಳೆದುಕೊಂಡು ಅವಳ ಮೇಜಿನ ಪಕ್ಕಕ್ಕೆ ಬಂದರು.

"ಸ್ವಲ್ಪ ಸರೀರಿ ಮೇಡಂ" ಎಂದರು. "ಎಲ್ಲೆಲ್ಲಿ ಬಿಟ್ಟೇನಿ, ತೋರಸ್ರಿ."